ಈಜು ಮೇಡಂ ನೀರಿಗಿಳಿದದ್ದು

ಊರಿನ ಸಾರ್ವಜನಿಕ ಈಜುಕೊಳದಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಈಜು ಕಲಿಸುತ್ತಿದ್ದ ಮೇಡಂಗೆ ಈಜು ಬರುತ್ತಿರಲಿಲ್ಲ. ಇದು ತನ್ನೊಬ್ಬಳಿಗೇ ಗೊತ್ತಿರುವ ಗುಟ್ಟು ಎಂದು ಅವರು ನಂಬಿದ್ದರು.

ಯಾರಿಗಾದರೂ ಟೋಪಿ ಹಾಕಬೇಕೆಂದು ಹೊರಟವರಲ್ಲ ಅವರು. ಈಜುಕೊಳದ ಆಫೀಸಿಗೆ ಸೇರಿದ್ದು ಟೈಪಿಸ್ಟಾಗಿ. ಟಿಕೆಟ್ ಕಿಟಕಿಯ ಹಿಂದೆ ಇಕ್ಕಟ್ಟಿನ ಒಂದು ಕೋಣೆ, ಸದಾ ಒದ್ದೆ ಟವೆಲ್ಲಿನ ವಾಸನೆ, ಕ್ಲೋರಿನ್ ಗಾಳಿಗೆ ತುಕ್ಕು ಹಿಡಿದ ಟೈಪ್‌ರೈಟರು. ಅದರಲ್ಲಿ ಈಜು ಕಲಿಕೆಯ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ನಾಲ್ಕು ಸಲ ಕುಟ್ಟಿದ್ದರಿಂದ ಅದು ಅವರಿಗೆ ಬಾಯಿಪಾಠವಾಗಿತ್ತು. ಒಂದು ದಿನ ಈಜು ಮೇಷ್ಟ್ರು ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಹೇಳದೆ ಕೇಳದೆ ಹೊರಟುಹೋದರು. ಮ್ಯಾನೇಜರು ಸೀಟಿಯನ್ನು ತಂದು ಇವರ ಕೈಗಿಟ್ಟು, ಎರಡು ದಿನ ಹೇಗಾದರೂ ಸುಧಾರಿಸಿ ಎಂದರು. ಎರಡು ದಿನ ಎರಡು ತಿಂಗಳಾಯಿತು. ಅಷ್ಟರಲ್ಲಿ ಮ್ಯಾನೇಜರು ನಿವೃತ್ತರಾದರು. ಹೊಸಬರು ಬಂದು ಕಡತ ತೆಗೆದು ನೋಡಿದರೆ ಈಜು ಶಿಕ್ಷಕಿಯ ಜಾಗದಲ್ಲಿ ಇವರದೇ ಹೆಸರಿತ್ತು.

ನೀರಿನೊಳಗೆ ಯಾವಾಗಲೂ ಒಬ್ಬ ಜೀವರಕ್ಷಕ ಇರುತ್ತಿದ್ದ. ಮೇಡಂ ದಡದ ಮೇಲೆ ಟ್ರ್ಯಾಕ್ ಪ್ಯಾಂಟು, ರಬ್ಬರ್ ಚಪ್ಪಲಿ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತ ಕೈಪಿಡಿ ಒಪ್ಪಿಸುತ್ತಿದ್ದರು. ಆಶ್ಚರ್ಯವೆಂದರೆ ಮಕ್ಕಳು ಮೀನಿನ ಮರಿಗಳ ಹಾಗೆ ಈಜು ಕಲಿತರು. ಮೇಡಂ ನೀರಿಗೆ ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ಕಾರಣವನ್ನೂ ಜನರೇ ಹುಡುಕಿಕೊಟ್ಟರು. ಹರೆಯದಲ್ಲಿ ತುಂಬಿದ ನದಿಯನ್ನು ಎರಡು ಸಲ ದಾಟಿದವರಿಗೆ ಈ ತೊಟ್ಟಿ ಯಾವ ಲೆಕ್ಕ ಎಂದರು ಕೆಲವರು. ನದಿಯಲ್ಲ, ಕೊಲ್ಲಿ ಎಂದರು ಇನ್ನು ಕೆಲವರು. ಮೇಡಂ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸ್ವಂತ ಮಗಳೇ ಶಾಲೆಯಲ್ಲಿ ಅದರ ಮೇಲೆ ಪ್ರಬಂಧ ಬರೆದು ಬಹುಮಾನ ತಂದ ಮೇಲಂತೂ ಬಾಯಿ ಬಿಡುವ ದಾರಿಯೇ ಮುಚ್ಚಿಹೋಯಿತು.

ಹೀಗಿರುವಾಗ ಅಳಿಯ ಬಾಂಬು ಸಿಡಿಸಿದ. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ಏನೇ ಶುರುಮಾಡಲಿ, ಮೊದಲು ಅದರ ಟೋಪಿ, ಕನ್ನಡಕ, ಚೀಲ ಎಲ್ಲ ಕೊಳ್ಳುವ ಪೈಕಿ. ಈ ರಜೆಗೆ ಎಲ್ಲರೂ ದ್ವೀಪಕ್ಕೆ ಹೋಗಿ ಒಂದು ವಾರ ಸರ್ಫಿಂಗ್ ಕಲಿಯುವುದು, ಟಿಕೆಟ್ ಆಗಿದೆ ಎಂದ. ಮನೆಯಲ್ಲೇ ಅತ್ತೆಯಂಥ ಅತ್ತೆ ಇರುವಾಗ ಹೆದರಿಕೆ ಯಾತಕ್ಕೆ ಎಂದೂ ಸೇರಿಸಿದ. ಮೇಡಂ ಕಿವಿನೋವಿನ ಮಾತೆತ್ತಿದರು. ಅಳಿಯ ಕಿವಿಗೆ ಹಾಕುವ ರಬ್ಬರ್ ಬಿರಡೆಯನ್ನೂ ಆಗಲೇ ಕೊಂಡಿದ್ದ.

ಹೋದವರು ಐದು ಜನ: ಮೇಡಂ, ಕನ್ನಡಕದ ಅಂಗಡಿ ನಡೆಸುವ ಅವರ ಯಜಮಾನರು, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು. ಇಳಿದುಕೊಂಡ ಮನೆಯ ಜಗಲಿಯಿಂದಲೇ ಸಮುದ್ರ ಕಾಣುತ್ತಿತ್ತು. ಮೇಡಂ ಅದಕ್ಕೆ ಬೆನ್ನು ಹಾಕಿ ಕೂತು ಕಾಫಿ ಕುಡಿದರು.

ಸರ್ಫಿಂಗ್ ಕಲಿಸುವ ಮೇಷ್ಟ್ರು ಅಗಲ ಹೆಗಲಿನ ಕಟ್ಟುಮಸ್ತಾದ ಮನುಷ್ಯ. ಮೊದಲ ದಿನ ಹಲಗೆಗಳನ್ನು ಮರಳಿನ ಮೇಲೆ ಸಾಲಾಗಿ ಇಡಿಸಿ, ಎಲ್ಲರನ್ನೂ ಬೋರಲು ಮಲಗಿಸಿ, ಒಣ ನೆಲದಲ್ಲೇ ಕೈ ಬೀಸಿಸಿದ. ಎರಡನೆಯ ದಿನವೂ ಅದೇ ಪಾಠ. ಮರಳಿನ ಮೇಲೆ ಅಳಿಯ ಹಲಗೆಯಿಂದ ಚಿಮ್ಮಿ ನಿಲ್ಲುವುದರಲ್ಲಿ ಪಳಗಿದ; ಫೋಟೋ ತೆಗೆಸಿಕೊಂಡ. ಯಜಮಾನರ ಹೊಟ್ಟೆ ಉಜ್ಜಿ ಉಜ್ಜಿ ಕೆಂಪಾಯಿತು. ಸಮುದ್ರ ಯಾವಾಗ ಎಂದು ಮೊಮ್ಮಗಳು ಕೇಳಿದಾಗಲೆಲ್ಲ ಮೇಷ್ಟ್ರು ದೂರಕ್ಕೆ ಕಣ್ಣು ಕಿರಿದು ಮಾಡಿ ನೋಡಿ, ಇವತ್ತು ಅಲೆಯ ಲಕ್ಷಣ ಸರಿಯಿಲ್ಲ ಎನ್ನುತ್ತಿದ್ದ.

ಕೊಡೆಯ ಕೆಳಗೆ ಕೂತ ಮೇಡಂ ಇದನ್ನೆಲ್ಲ ನೋಡುತ್ತಿದ್ದರು. ಅಲೆಯ ನಾಲಿಗೆ ಹತ್ತಿರ ಬಂದರೆ ಮೇಷ್ಟ್ರು ಮಾತಿನ ಮಧ್ಯೆಯೇ ನಯವಾಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆ ಹೆಜ್ಜೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾವಿನ ಹೆಜ್ಜೆ ಹಾವಿಗಲ್ಲದೆ ಇನ್ನಾರಿಗೆ ತಿಳಿದೀತು. ಪಾಠ ಮುಗಿದ ಮೇಲೆ ಹಲಗೆ ಜೋಡಿಸುತ್ತಿದ್ದವನ ಪಕ್ಕ ಹೋಗಿ ನಿಂತರು.

"ನಿಮಗೆ ಈಜು ಬರಲ್ಲ, ಅಲ್ವಾ?"

ಅವನ ಕೈಯಿಂದ ಹಲಗೆ ಜಾರಿತು. ಅವನು ಬೈಕ್ ಮೆಕ್ಯಾನಿಕ್ಕಂತೆ. ನಿಜವಾದ ಮೇಷ್ಟ್ರು ಅವನ ಭಾವ. ಭಾವ ಜ್ವರ ಬಂದು ಹಾಸಿಗೆ ಹಿಡಿದಿದ್ದಾನೆ. ಬಂದವರನ್ನು ವಾಪಸ್ ಕಳಿಸಬಾರದು, ಆದರೆ ಯಾರನ್ನೂ ನೀರಿಗೆ ಇಳಿಸಬೇಡ ಎಂದು ಅಕ್ಕ ಆಣೆ ಹಾಕಿ ಕಳಿಸಿದ್ದಾಳೆ. ಇಷ್ಟು ಹೇಳಿ, ದಯವಿಟ್ಟು ಯಾರಿಗೂ ಹೇಳಬೇಡಿ, ಬರೀ ಮೂರು ದಿನದ ಮಾತು ಎಂದು ಕೈ ಮುಗಿದ.

"ಮೂರು ದಿನ ಅಂತಾನೇ ಎಲ್ಲ ಶುರುವಾಗೋದು," ಎಂದರು ಮೇಡಂ. "ನನಗೆ ಎರಡು ದಿನ ಅಂದಿದ್ರು. ಇಪ್ಪತ್ತಾರು ವರ್ಷ ಆಯ್ತು. ನೀವು ನಾಳೆನೇ ಗ್ಯಾರೇಜಿಗೆ ಓಡಿಹೋಗಿ."

ಇಪ್ಪತ್ತಾರು ವರ್ಷಗಳಲ್ಲಿ ಅವರು ಈ ಮಾತನ್ನು ಆಡಿದ್ದು ಅದೇ ಮೊದಲು. ಎದೆ ಎಷ್ಟು ಹಗುರವಾಯಿತೆಂದರೆ ಸಂಜೆ ಜಗಲಿಯಲ್ಲಿ ಸಮುದ್ರಕ್ಕೆ ಅರ್ಧ ಮುಖ ತಿರುಗಿಸಿ ಕೂತರು.

ಮೂರನೆಯ ದಿನ ಜ್ವರ ಬಿಟ್ಟ ಭಾವ ತಾನೇ ಬಂದ. ಒಣಕಲು ಮನುಷ್ಯ, ಮಾತೂ ಕಡಿಮೆ. ನೇರವಾಗಿ ಎಲ್ಲರನ್ನೂ ಸೊಂಟದ ನೀರಿಗೆ ನಡೆಸಿದ. ಅಳಿಯ ಮರಳಿನಲ್ಲಿ ಕಲಿತದ್ದೆಲ್ಲ ಮೊದಲ ಅಲೆಗೇ ಕರಗಿತು. ಅವನ ಟೋಪಿ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ ತೇಲಿಹೋದವು. ಮೊಮ್ಮಗಳು ನಗುತ್ತ ಬಿದ್ದಳು, ಎದ್ದಳು. ಅಷ್ಟರಲ್ಲಿ ಕೊಸರಿಕೊಂಡ ಅವಳ ಹಲಗೆ ದಡದ ಹತ್ತಿರ ಬಂದು ಓಲಾಡುತ್ತ ನಿಂತಿತು. ಅಜ್ಜಿ, ಸ್ವಲ್ಪ ಹಿಡ್ಕೋ ಎಂದು ಅವಳು ಕೂಗಿ ಹೇಳಿದಳು.

ಮೊಣಕಾಲುದ್ದ ನೀರು ತಾನೆ ಎಂದು ಮೇಡಂ ಪ್ಯಾಂಟು ಮಡಚಿಕೊಂಡು ಇಳಿದರು. ಹಲಗೆಯನ್ನು ದಡದ ಕಡೆ ತಿರುಗಿಸಿ ತಾವೂ ದಡಕ್ಕೆ ಹೆಜ್ಜೆ ಹಾಕಿದ್ದಷ್ಟೇ, ಹಿಂದಿನಿಂದ ಒಂದು ಅಲೆ ಬಂದು ಹಲಗೆಯನ್ನು ಮೊಣಕಾಲ ಸಂದಿಗೆ ಗುದ್ದಿಸಿತು. ಕಾಲು ಮಡಚಿಕೊಂಡಿತು, ಕುರ್ಚಿಯಲ್ಲಿ ಕೂತ ಹಾಗೆ ಹಲಗೆಯ ಮೇಲೆ ಕೂತುಬಿಟ್ಟರು. ಹಲಗೆ ಹೊರಟಿತು. ಕೈ ಎಲ್ಲಿಡಬೇಕೆಂದು ತೋಚದೆ ಎದೆಯ ಮೇಲೆ ಕಟ್ಟಿಕೊಂಡರು. ಬಾಯಿ ತೆರೆದರೆ ಉಪ್ಪುನೀರು ಬಂದೀತೆಂದು ತುಟಿ ಬಿಗಿದರು. ಹಾಗೆ, ಪರೀಕ್ಷೆಯ ಕೋಣೆಗೆ ಬರುವ ಮುಖ್ಯೋಪಾಧ್ಯಾಯಿನಿಯ ಗಾಂಭೀರ್ಯದಲ್ಲಿ, ಅಲೆ ದಡದತ್ತ ಉರುಳಿಸಿ ತಂದಿದ್ದ ಅಳಿಯನನ್ನೂ ಅವನನ್ನು ಎಬ್ಬಿಸುತ್ತಿದ್ದ ಮೇಷ್ಟ್ರನ್ನೂ ದಾಟಿ ಇಪ್ಪತ್ತು ಮಾರು ಸಾಗಿ ಮರಳು ತಲುಪಿದರು.

ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹಲಗೆ ನಿಂತದ್ದು ಗೊತ್ತಾಗದೆ ಮೇಡಂ ಕಣ್ಣು ಮುಚ್ಚಿ ಹಾಗೇ ಕೂತಿದ್ದರು. ಧ್ಯಾನ ಮಾಡುತ್ತಿದ್ದಾರೆ, ಮಾತಾಡಿಸಬೇಡಿ ಎಂದಳು ಮಗಳು. ಮೇಷ್ಟ್ರು ಹತ್ತಿರ ಬಂದು ತಲೆ ಬಾಗಿಸಿದ.

"ಕೂತು ಸವಾರಿ ಮಾಡೋದು ಹಳೇ ಕಾಲದ ಶೈಲಿ. ನಮ್ಮ ತಾತನ ನಂತರ ಯಾರೂ ಮಾಡಿದ್ದು ನೋಡಿಲ್ಲ," ಎಂದ.

ಆ ಸಂಜೆ ಊಟಕ್ಕೆ ಕೂತಾಗ ಮೇಡಂ ಚಮಚ ಕೆಳಗಿಟ್ಟರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

"ನನಗೆ ಈಜು ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ನದಿಯನ್ನೂ ದಾಟಿಲ್ಲ, ಕೊಲ್ಲಿಯನ್ನೂ ದಾಟಿಲ್ಲ."

ಮೊದಲು ಅಳಿಯ ನಕ್ಕ, ಮಗಳು ನಕ್ಕಳು, ಮೊಮ್ಮಗಳಿಗೆ ನೆತ್ತಿಗೆ ಹತ್ತಿತು. ನಿಜವಾಗಿ ದೊಡ್ಡವರಾದವರ ಲಕ್ಷಣವೇ ಇದು, ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಳಿಯ ಕಣ್ಣೊರೆಸಿಕೊಂಡ. ಮೇಡಂ ಇನ್ನೂ ಎರಡು ಸಲ ಹೇಳಿದರು. ಹೇಳಿದಷ್ಟೂ ಅವರ ವಿನಯ ಎಲ್ಲರಿಗೂ ಹೆಚ್ಚು ಹಿಡಿಸಿತು.

ನಗದೇ ಇದ್ದವರು ಯಜಮಾನರೊಬ್ಬರೇ. ಎಲ್ಲರೂ ಎದ್ದುಹೋದ ಮೇಲೆ, ಹೊಟ್ಟೆಗೆ ಮುಲಾಮು ಸವರಿಕೊಳ್ಳುತ್ತ, ತನಗೆ ಮದುವೆಯಾದ ವರ್ಷವೇ ಗೊತ್ತಿತ್ತು ಎಂದರು. ದೋಣಿ ಹತ್ತಿದಾಗ ನೀನು ನನ್ನ ಬೆಲ್ಟು ಹಿಡಿದದ್ದು, ಇಳಿದು ಬಸ್‌ಸ್ಟಾಪಿಗೆ ಬರುವವರೆಗೂ ಬಿಟ್ಟಿರಲಿಲ್ಲ ಎಂದರು.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಅಂಗಡಿ ಕೆಲಸದಲ್ಲಿ ಮರೆತೇಹೋಯ್ತು."

ಮೇಡಂಗೆ ಸಿಟ್ಟೂ ಬಂತು, ನಗುವೂ ಬಂತು. ನಗುವೇ ಗೆದ್ದಿತು.

ಊರಿಗೆ ಮರಳಿದ ಮೇಲಿನ ಸೋಮವಾರ, ಈಜುಕೊಳದ ಬಾಗಿಲು ತೆರೆಯುವ ಒಂದು ಗಂಟೆ ಮೊದಲೇ ಮೇಡಂ ಹೊಸ ಈಜುಡುಗೆ ತೊಟ್ಟು ಬಂದರು. ಜೀವರಕ್ಷಕ ಅವರದೇ ಹಳೆಯ ವಿದ್ಯಾರ್ಥಿ. ನನಗೆ ಏನೂ ಬರುವುದಿಲ್ಲ, ಮೊದಲಿಂದ ಕಲಿಸು ಎಂದರು. ಅವನ ಮುಖ ಗಂಭೀರವಾಯಿತು: ಇದು ತನ್ನ ಕೆಲಸದ ಪರೀಕ್ಷೆಯೇ ಸರಿ ಎಂದುಕೊಂಡ. ಕೈಪಿಡಿಯ ಒಂದಕ್ಷರವನ್ನೂ ಬಿಡದೆ ಕಲಿಸಿದ. ಮೇಡಂ ಮುಳುಗಿ, ಕೆಮ್ಮಿ, ಅವನ ಕುತ್ತಿಗೆಗೆ ಜೋತುಬಿದ್ದಾಗ, ಎಷ್ಟು ಸಹಜವಾಗಿ ಮಾಡ್ತೀರಿ ಎಂದು ಬೆರಗಾದ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೇಡಂ ಕೊಳದ ಅಗಲವನ್ನು ಯಾರ ಆಸರೆಯೂ ಇಲ್ಲದೆ ದಾಟಿದರು. ಏದುಸಿರು ಬಿಡುತ್ತ ಅಂಚು ಹಿಡಿದು ನಿಂತಾಗ ಕಣ್ಣಲ್ಲಿ ನೀರಿತ್ತು; ಕೊಳದ ನೀರೂ ಇದ್ದದ್ದರಿಂದ ಗೊತ್ತಾಗಲಿಲ್ಲ. ಜೀವರಕ್ಷಕ ಪಕ್ಕಕ್ಕೆ ಬಂದು ಸಂಕೋಚದಿಂದ ಕೇಳಿಕೊಂಡ.

"ಪರೀಕ್ಷೆ ಮುಗೀತಲ್ಲ ಮೇಡಂ. ಇನ್ನಾದ್ರೂ ನಿಮ್ಮ ನಿಜವಾದ ಈಜು ಒಂದ್ಸಲ ತೋರಿಸಿ."

"ಇದೇ ಕಣಪ್ಪ," ಎಂದರು ಮೇಡಂ, ಮತ್ತೆ ಆಚೆ ದಡದ ಕಡೆ ತಿರುಗಿಕೊಂಡು.