ಜೋಡುನಳಿಗೆ ಬಂದೂಕಿಗೆ ಸುಣ್ಣ ಬಳಿಸಿದ್ದು

ನನ್ನ ಮಾವ ಬಂದೂಕು ರಿಪೇರಿ ಮಾಡುವ ಕಂಬಾರರು. ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಯಾರು ಹಳೆಯ ಬಂದೂಕು ಕೊಳ್ಳುವುದಿದ್ದರೂ ಮೊದಲು ನಮ್ಮ ಕುಲುಮೆಗೆ ತರುತ್ತಿದ್ದರು. ಮಾವ ನೋಡಿ ತಗೋರಿ ಅಂದರೆ ಕೊಳ್ಳುವುದು, ಬ್ಯಾಡ ಅಂದರೆ ಬಿಡುವುದು. ಅದಕ್ಕೊಂದು ಕಟ್ಟಳೆಯಿತ್ತು. ತಗೋರಿ ಅಂದವರ ಮನೆಯವರೇ ಮೊದಲ ಗುಂಡು ಹಾರಿಸಿ ತೋರಿಸಬೇಕು. ಮಾತಿಗೆ ಅದೇ ಜಾಮೀನು. ಮಾವನಿಗೆ ವಯಸ್ಸಾದ ಮೇಲೆ ಆ ಗುಂಡು ಹಾರಿಸುವ ಕೆಲಸ ನನ್ನ ಗಂಡನ ಪಾಲಿಗೆ ಬಂತು.

ನಾನು ರಾಮದುರ್ಗದಿಂದ ಆ ಮನೆ ತುಂಬಿ ಎರಡು ವರ್ಷವಾಗಿತ್ತು. ಮಾವನ ಕಣ್ಣಿಗೆ ಪೊರೆ ಬಂದದ್ದು ನನಗೆ ಮೊದಲ ಆರು ತಿಂಗಳಲ್ಲೇ ಗೊತ್ತಾಗಿತ್ತು. ತಾಟಿನಲ್ಲಿ ಪಲ್ಯ ಯಾವ ಕಡೆಗಿದೆ ಎಂದು ಬೆರಳಾಡಿಸಿ ಹುಡುಕುತ್ತಿದ್ದರು. ಅತ್ತೆಗೂ ಗೊತ್ತು, ಗಂಡನಿಗೂ ಗೊತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಕಣ್ಣು ಕಾಣದ ಕಂಬಾರನ ಹತ್ತಿರ ಯಾರು ಬರುತ್ತಾರೆ? ನಾನಂತೂ ಸೊಸೆ. ಮಾವನೊಡನೆ ಮಾತಾಡುವುದಿರಲಿ, ಅವರು ಕುಲುಮೆಯಲ್ಲಿ ಕೂತಿದ್ದರೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಕುಲುಮೆಗೂ ಒಲೆಗೂ ನಡುವೆ ಒಂದು ಬಾಗಿಲು. ಅದರ ಸಂದಿಯಲ್ಲಿ ಎಷ್ಟು ಕಂಡರೆ ಅಷ್ಟು.

ಒಂದು ದಿನ ಮುಂಜಾನೆ ಊರ ಗೌಡರು ಬಂದರು. ಅವರ ಹಿಂದೆ ಸವದತ್ತಿಯ ಒಬ್ಬ ದಲಾಲಿ, ಅವನ ಬಗಲಲ್ಲಿ ಕಂಬಳಿ ಸುತ್ತಿದ ರೈಫಲ್ಲು. ಎರಡು ನಳಿಗೆಯದು. ಬಾಯಿಂದ ಮದ್ದು ತುಂಬಿ, ಹಿಂದೆ ತಾಮ್ರದ ಟೋಪಿ ಕೂರಿಸಿ ಹೊಡೆಯುವಂಥ ಅಜ್ಜನ ಕಾಲದ ಮಾಲು. ಗೌಡರಿಗೆ ಆಗಷ್ಟೇ ಪರವಾನಗಿ ಬಂದಿತ್ತು. ಜೋಳಕ್ಕೆ ಬೀಳುವ ಹಂದಿಯ ನೆವ ಹೇಳುತ್ತಿದ್ದರು. ನಿಜವಾದ ಅವಸರವಿದ್ದದ್ದು ಕಿತ್ತೂರಿನ ಬೀಗರೆದುರು ಅದನ್ನು ಹೆಗಲಿಗೆ ಹಾಕಿ ನಿಲ್ಲುವುದಕ್ಕೆ.

“ಸಾಹೇಬರ ಬಂಗ್ಲೆದಾಗಿಂದ ಬಂದದ್ದರಿ. ಎರಡ ಹುಲಿ ಹೊಡದೈತಿ,” ಎಂದ ದಲಾಲಿ.

“ಹುಲಿ ಹೊಡದೈತೋ, ಹುಲಿ ನೋಡಿ ಸಾಹೇಬ ಒಗದ ಓಡಿದ್ದನ್ನ ನೀ ಆರಿಸ್ಕೊಂಡ ಬಂದೀಯೋ?” ಎಂದರು ಗೌಡರು. ಹಾಗೆನ್ನುತ್ತಲೇ ಹಿಡಿಕೆಯನ್ನು ಸವರುತ್ತಿದ್ದರು. ಮನಸ್ಸು ಕೊಟ್ಟಾಗಿತ್ತು. “ನೋಡ ಮುದುಕಾ, ಲಗೂ ಹೇಳು. ಇವತ್ತ ಮನಿಗೆ ಒಯ್ಯಬೇಕು.”

ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತರು. ಮಾವ ಟೋಪಿಗೆ ಬಡಿಯುವ ಕುದುರೆಗಳನ್ನು ಎತ್ತಿ ಎತ್ತಿ ಬಿಟ್ಟು ಸಪ್ಪಳ ಕೇಳಿದರು. ಕಬ್ಬಿಣದ ಗಜಕ್ಕೆ ಅರಿವೆ ಸುತ್ತಿ ನಳಿಗೆಯೊಳಗೆ ಇಳಿಬಿಟ್ಟು, ಒಳಗಿನ ಗೀರುಗಳಗುಂಟ ಅದು ತಿರುಗುತ್ತ ಇಳಿಯುವುದನ್ನು ಕೈಯಿಂದಲೇ ತಿಳಿದುಕೊಂಡರು. ಕಣ್ಣು ಬೇಡದ ಕೆಲಸವನ್ನೆಲ್ಲ ಚೊಕ್ಕಟವಾಗಿ ಮಾಡಿದರು. ಆಮೇಲೆ ನಳಿಗೆಗಳನ್ನು ಕಟ್ಟಿಗೆಯಿಂದ ಬಿಚ್ಚಿ, ಒಳಗೆ ತೊಳೆಯಲು ಬಿಸಿನೀರು ಕೇಳಿದರು. ನಾನು ಕಾಯಿಸಿದೆ. ಗಂಡ ಬಾಗಿಲಲ್ಲಿ ಇಸಿದುಕೊಂಡು, ಟೋಪಿ ಕೂರುವ ತೂತುಗಳಿಗೆ ಬೆಣೆ ಬಡಿದು, ನೀರು ತುಂಬಿ, ಚೆಲ್ಲಿ, ನಳಿಗೆಗಳನ್ನು ನನ್ನ ಬಾಗಿಲ ಎದುರಿನ ಗೋಡೆಗೆ ಆನಿಸಿಟ್ಟ.

ಕಾದ ಕಬ್ಬಿಣ ನೋಡನೋಡುತ್ತ ಒಣಗಿತು. ಒಂದು ಕಡೆ ಮಾತ್ರ ಒಣಗಲಿಲ್ಲ. ಎಡಗಡೆಯ ನಳಿಗೆಯ ಬುಡದಲ್ಲಿ, ಕಟ್ಟಿಗೆಯೊಳಗೆ ಮುಚ್ಚಿರುವ ಭಾಗದಲ್ಲಿ, ಬೆರಳುದ್ದದ ಒಂದು ಕಪ್ಪು ಎಳೆ. ಒಣಗುವುದು, ಮತ್ತೆ ಒದ್ದೆಯಾಗುವುದು. ಸೀಳಿದ ಗಡಿಗೆ ಒಲೆಯ ಮೇಲೆ ಹಾಗೆಯೇ ಮಾಡುತ್ತದೆ. ಹೊಡೆಯುವಾಗ ಎಡಗೈ ಇರುವುದು ಅದರ ಹತ್ತಿರವೇ. ಹಿಂದಿನ ವರ್ಷ ಪಕ್ಕದ ಊರಲ್ಲಿ ಒಬ್ಬನ ಬಂದೂಕು ಒಡೆದು ಮೂರು ಬೆರಳು, ಒಂದು ಕಣ್ಣು ಹೋಗಿದ್ದವು.

ಗಂಡನೂ ಆ ಎಳೆಯನ್ನು ನೋಡಿದ. ನಾನು ನೋಡಿದ್ದನ್ನೂ ನೋಡಿದ. ಅಪ್ಪನ ಕಡೆಗೊಮ್ಮೆ ತಿರುಗಿದ. ಆಮೇಲೆ ಸುಮ್ಮನೆ ನಳಿಗೆಗಳನ್ನು ಹೊರಳಿಸಿ, ಸೀಳಿದ ಕಡೆಯನ್ನು ಗೋಡೆಗೆ ಮಾಡಿ ಇಟ್ಟ. ಅಪ್ಪನ ಮರ್ಯಾದೆ ಉಳಿಸಲು ತನ್ನ ಕೈಯನ್ನೇ ಕಳೆದುಕೊಳ್ಳಲು ತಯಾರಾಗಿದ್ದ. ಜನ ಇಂಥದ್ದಕ್ಕೆ ದೊಡ್ಡ ಗುಣ ಅನ್ನುತ್ತಾರೆ. ನಾನು ಹುಚ್ಚು ಅನ್ನುತ್ತೇನೆ.

ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

“ಅತ್ತ್ಯಾರ, ಎಡಕಿನ ನಳಗಿ ಸೀಳೈತ್ರಿ. ನಾ ಕಣ್ಣಾರೆ ನೋಡೇನಿ.”

“ನಿನ್ನ ಕಣ್ಣ ಒಲಿ ಮ್ಯಾಲಿರಲಿ.”

“ಮೊದಲನೇ ಗುಂಡ ಹೊಡ್ಯಾವ್ರು ನಿಮ್ಮ ಮಗಾರಿ.”

ಅತ್ತೆಯ ಕೈ ನಿಂತಿತು. “ಹೇಳಿದ್ರ, ನಿಮ್ಮ ಮಾವಗ ಕಣ್ಣ ಕಾಣೂದಿಲ್ಲಂತ ಊರಿಗೆ ಡಂಗುರ ಹೊಡದಂಗ ಆತು. ನಾಳಿಂದ ಏನ ತಿಂತಿ, ಮಣ್ಣ ತಿಂತಿ?”

“ಅವರ ಕೈ ಹ್ವಾದ ಮ್ಯಾಲೂ ಅದನ್ನ ತಿನ್ನೂದ್ರಿ.”

ರೊಟ್ಟಿ ತವೆಯ ಮೇಲೆ ಹೊತ್ತುತ್ತಿತ್ತು, ಅತ್ತೆ ತಿರುವಿ ಹಾಕಲಿಲ್ಲ. ಕುಲುಮೆಯಲ್ಲಿ ಮಾವ ಗಂಟಲು ಸರಿಮಾಡಿಕೊಂಡರು. “ಗೌಡ್ರ, ನಳಗಿ ಕನ್ನಡಿ ಇದ್ದಂಗ ಅದಾವ್ರಿ...” ಇನ್ನೊಂದು ಮಾತು, ತಗೋರಿ ಎಂಬ ಮಾತು, ಬಾಯಿಂದ ಬಿದ್ದರೆ ಮುಗಿಯಿತು.

ನಮ್ಮ ಮನೆಯಲ್ಲಿ ಸೋರುವ ಕಂದೀಲುಗಳನ್ನೂ ರಿಪೇರಿ ಮಾಡುತ್ತಿದ್ದರು. ತೂತು ಸಿಗದಿದ್ದರೆ ಹೊರಗೆ ಸುಣ್ಣ ಬಳಿದು, ಒಳಗೆ ಚಿಮಣಿ ಎಣ್ಣೆ ಹಾಕಿಡುವುದು ರೂಢಿ. ನೀರು ನುಸುಳದ ಕಡೆಯೂ ಆ ಎಣ್ಣೆ ನುಸುಳಿ ಸುಣ್ಣದ ಮೇಲೆ ಕಲೆ ಮಾಡುತ್ತದೆ. ನಾನು ಬಾಗಿಲಿಗೆ ಬಾಯಿ ಹಚ್ಚಿ, ಮಾರುದೂರದಲ್ಲಿ ಕೂತಿದ್ದ ಅತ್ತೆಗೆ ಹೊಲದಲ್ಲಿದ್ದವರನ್ನು ಕರೆದಂತೆ ಒದರಿದೆ:

“ಅತ್ತ್ಯಾರ! ಎಡಕಿನ ನಳಗಿಗೆ ಹಚ್ಚಾಕ ಮಾವನವ್ರು ಸುಣ್ಣ, ಚಿಮಣಿ ಎಣ್ಣಿ ಕೇಳಿದ್ರಲ್ರಿ! ಇನ್ನೂ ಯಾಕ ಕೊಟ್ಟಿಲ್ರಿ?”

ಮಾವ ಏನನ್ನೂ ಕೇಳಿರಲಿಲ್ಲ. ಕುಲುಮೆಯಲ್ಲಿ ಗಂಡ ಊದುತ್ತಿದ್ದ ತಿದಿಯ ಸಪ್ಪಳ ನಿಂತಿತು.

“ಬಂದೂಕಕ್ಕ ಸುಣ್ಣಾ?” ದಲಾಲಿ ನಕ್ಕ. “ಎಲಿ ಅಡಕಿ ಬ್ಯಾಡೇನ್ರಿ?”

ಮಾವ ಕತ್ತು ಹೊರಳಿಸಿ ಬಾಗಿಲ ಕಡೆ ಮುಖ ಮಾಡಿದರು. ಆಮೇಲೆ ಗದರಿದರು: “ಕೇಳಿ ಎಷ್ಟೊತ್ತಾತು! ಈ ಮನ್ಯಾಗ ಹೆಂಗಸರಿಗೆ ಕಿವೀನ ಇಲ್ಲ!”

ಅತ್ತೆ ಓಡಿಹೋಗಿ ಎರಡನ್ನೂ ಕೊಟ್ಟು ಬಂದರು. ಆರಿದ ನಳಿಗೆಗೆ ಗಂಡ ಬುಡದಲ್ಲಿ ಸುಣ್ಣ ಬಳಿದ, ಒಳಗೆ ಎಣ್ಣೆ ಸುರಿದ, ಬಿಸಿಲಿಗೆ ಹಿಡಿದ. ದಲಾಲಿಯ ಬಾಯಲ್ಲಿ ತಂಬಾಕು ಮೆತ್ತಗಾಗುವಷ್ಟರಲ್ಲಿ ಬಿಳಿಯ ಮೇಲೆ ಎಳೆ ಮೂಡಿತು. ಮೊದಲು ಕೂಗಿದವರು ಗೌಡರೇ. “ಏ ಇದರ ಮನಿ ಹಾಳಾಗ! ಸೀಳ ಐತ್ಯಲ್ಲೋ!”

“ಅದಕ್ಕ ತರಿಸಿದ್ದರಿ ಸುಣ್ಣಾ,” ಎಂದರು ಮಾವ.

ದಲಾಲಿ ಕಂಬಳಿ ಸುತ್ತಿಕೊಂಡು ಹೋದ. ಗೌಡರು ಹೋಗುವಾಗ, “ಮುದುಕಾ, ನಿಂದು ಹದ್ದಿನ ಕಣ್ಣ ನೋಡು,” ಎಂದು ಬೆನ್ನು ತಟ್ಟಿದರು.

ಅಂದು ಊಟಕ್ಕೆ ಕೂತಾಗ ಮಾವ ಅತ್ತೆಗೆ ಹೇಳಿದರು: “ಇನ್ನ ಬಂದೂಕ ಬಂದಾಗ ಆಕೀನ ಬಾಗಲ ಹತ್ರ ಕೂಡಸು.” ನನಗಂತೂ ಒಂದು ಮಾತಿಲ್ಲ. ಕೂತೆ. ಬಂದೂಕು ಚೆನ್ನಾಗಿದ್ದರೆ ಬಳೆ ಒಮ್ಮೆ ಅಲ್ಲಾಡಿಸಬೇಕು, ಕೆಟ್ಟಿದ್ದರೆ ಎರಡು ಸಲ. ಗಂಡನೇ ನಳಿಗೆ ತಂದು ಸಂದಿಗೆ ಹಿಡಿಯುತ್ತಿದ್ದ. ಹದ್ದಿನ ಕಣ್ಣಿನ ಸುದ್ದಿ ಹಬ್ಬಿ ಸವದತ್ತಿ, ಕಿತ್ತೂರಿನಿಂದಲೂ ಜನ ಬರತೊಡಗಿದರು.

ನಾಗರ ಪಂಚಮಿಗೆ ನನ್ನ ಅಣ್ಣ ಉಂಡಿಯ ಗಂಟು ಹೊತ್ತು ಗಾಡಿ ಹೂಡಿಕೊಂಡು ರಾಮದುರ್ಗದಿಂದ ನನ್ನನ್ನು ತವರಿಗೆ ಕರೆಯಲು ಬಂದ. ನಾನು ಸೀರೆ ಗಂಟು ಕಟ್ಟಿಟ್ಟಿದ್ದೆ.

“ಬಂದೂಕ ಯಾವಾಗ ಬರ್ತಾವ ಹೇಳಾಕ ಬರೂದಿಲ್ಲಪಾ,” ಎಂದರು ಮಾವ. “ಮುಂದಿನ ಸಲ ನೋಡೂನು.”

“ಬಂದೂಕಕ್ಕೂ ನನ್ನ ತಂಗೀಗೂ ಏನ ಸಂಬಂಧರಿ?” ಎಂದ ಅಣ್ಣ. ಅದನ್ನು ಹೇಳುವಂತಿರಲಿಲ್ಲ.

ಗಂಡ ಎದ್ದುಹೋಗಿ ಎತ್ತುಗಳಿಗೆ ನೀರು ಕುಡಿಸಿದ, ನೊಗಕ್ಕೆ ಕಟ್ಟಿದ, ಅಣ್ಣನಿಗೆ ಹಗ್ಗ ಕೊಟ್ಟ. ಗಂಡನ ಹತ್ತೂ ಬೆರಳು ನೆಟ್ಟಗಿದ್ದವು. ಗಾಡಿ ಬರಿದೇ ಹೋಯಿತು. ಹೀಗೆ ಏಳು ಪಂಚಮಿ.