ಹರಿಹರದ ಕಾಗದದಲ್ಲಿ ಬಿಟ್ಟುಹೋದ ಅಕ್ಷರ

ಗೆಳತಿಯರೇ, ಇಂದು ಬೆಳಿಗ್ಗೆ ಹರಿಹರದಿಂದ ಬಂದ ಇಂಗ್ಲಿಷ್ ಕಾಗದದಲ್ಲಿ ನಾನು ಮೊದಲು ಗಮನಿಸಿದ್ದು 'ಡೌಟ್' ಪದದೊಳಗಿನ 'ಬಿ' ಅಕ್ಷರ ಬಿಟ್ಟುಹೋಗಿದ್ದನ್ನು. ಹೋದ ವಾರ ನನ್ನನ್ನು ನೋಡಿಹೋದ ವರ ಬರೆದಿದ್ದ. ಬಿ.ಎ. ಓದಿದವಳು ತಮ್ಮ ಮನೆಗೆ ಹೊಂದಿಕೊಳ್ಳುವ ಬಗ್ಗೆ ಅವನಿಗೆ ಡೌಟ್ ಇದೆಯಂತೆ.

ಅಪ್ಪನಿಗೆ ಓದಿ ಹೇಳುತ್ತಿದ್ದಂತೆ ಸೋದರಮಾವ ಎದ್ದು ರುಮಾಲು ಸುತ್ತತೊಡಗಿದರು.

"ಡೌಟ್ ಅಂದ್ರೆ ಅನುಮಾನ ತಾನೆ? ನಮ್ಮ ಹುಡುಗಿ ನಡತಿ ಮ್ಯಾಲೆ ಅನುಮಾನನಾ? ನಡೀರಿ ಭಾವ, ಹರಿಹರಕ್ಕೆ ಹೋಗಿ ಕೇಳೇಬಿಡಾಣ."

ಅಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಜಗಳ ಮಾಡಿ ಬಂದ್ರೆ ಇಲ್ಲದ ಅನುಮಾನ ದಾವಣಗೆರಿ ತುಂಬ ಹುಟ್ತೈತೆ."

ನಾನು ನಿಘಂಟು ತೆಗೆದೆ.

"ಮಾವ, ಇದು ನಡತೆ ಮಾತಲ್ಲ. ಈ ಪದದ ಬೇರು ಲ್ಯಾಟಿನ್‌ನ 'ಡುಬಿಟಾರೆ', ಅದು 'ಎರಡು' ಅನ್ನೋದರಿಂದ ಬಂದೈತೆ. ಅವರ ಮನಸ್ಸು ಎರಡಾಗೈತೆ, ಅಷ್ಟೆ. ಆ ಬೇರು ನೆನಪಿರಲಿ ಅಂತ ಪಂಡಿತರು ಆಮೇಲೆ ಇದರಾಗೆ ಒಂದು ಬಿ ಅಕ್ಷರ ಸೇರಿಸಿದ್ರಂತೆ. ಬರೀಬೇಕು, ಬಾಯಾಗೆ ಅನ್ನಂಗಿಲ್ಲ."

ಮಾವ ರುಮಾಲು ಬಿಚ್ಚಿ ಕುಳಿತರು. "ಎರಡು ಮನಸ್ಸಿನೋನು ಒಂದು ಹೆಣ್ಣು ನೋಡಾಕೆ ಯಾಕ ಬಂದಿದ್ದ?"

ಅಪ್ಪ ಚಪ್ಪಲಿ ಬಿಟ್ಟರು. "ನಮ್ಮ ಹುಡುಗಿ ಹೊಂದಿಕೊಳ್ತಾಳೆ ಅಂತ ನಾಳೆ ಕಾಗದ ಹಾಕಿದ್ರಾತು."

ನನ್ನನ್ನು ಯಾರೂ ಕೇಳಲಿಲ್ಲ. ಆ ಬಿ ಅಕ್ಷರದಂತೆ ನಾನೂ ದನಿಯಿಲ್ಲದೆ ಕುಳಿತಿದ್ದೆ.

ಆದರೆ ಅಪ್ಪನಿಗೆ ಇಂಗ್ಲಿಷ್ ಬಾರದು, ಉತ್ತರ ಬರೆಯುವವಳು ನಾನೇ. ವರನ ಡೌಟಿಗೆ ಒಂದು ಬಿ ಸೇರಿಸಿ ಕಳಿಸುತ್ತೇನೆ. ನನಗಿರುವುದು ಒಂದೇ ಮನಸ್ಸು, ಅದು ಒಲ್ಲೆ ಎನ್ನುತ್ತಿದೆ ಎಂದೂ ಬರೆಯುತ್ತೇನೆ. ಅಂಚೆಗೆ ಹಾಕುವ ಮುನ್ನ ಅಪ್ಪನ ಮುಂದೆ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ.