ದೊಣೆಯ ಮೊದಲ ಬೊಗಸೆ

ಅಮ್ಮಾಜಮ್ಮನ ಬಾಯಿ ಬಲು ಜೋರು. ಅಂಬಾಜಿದುರ್ಗದ ತಪ್ಪಲಿನಲ್ಲಿ ಅವಳಿಂದ ಬೈಸಿಕೊಳ್ಳದವರು ಯಾರಿದ್ದರು ಹೇಳಿ! ಆದರೆ ಮುಂಗಾರಿಗೆ ಮುಂಚೆ ಮಂಕರಿ ಹೊತ್ತು ಒಬ್ಬಳೇ ಬೆಟ್ಟ ಹತ್ತಿ, ನೆತ್ತಿಯ ಬಂಡೆಯಲ್ಲಿ ಮಳೆನೀರು ನಿಲ್ಲುವ ಎರಡು ದೊಣೆಗಳ ಹೂಳು ತೆಗೆಯುತ್ತಿದ್ದವಳೂ ಅವಳೇ. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. "ಅಷ್ಟು ದೂರ ಹತ್ತಿ ಬಂದೋರು ಕೆಸರು ಕುಡೀಬೇಕಾ?" ಎನ್ನುತ್ತಿದ್ದಳು, ಅಷ್ಟೇ.

ದೊಡ್ಡ ದೊಣೆ ಕುಡಿಯುವುದಕ್ಕೆ. ಚಿಕ್ಕದು ಹರಕೆಗೆ. ಮೈಮೇಲೆ ನರಹುಲಿ ಎದ್ದವರು ಚಿಕ್ಕದರಲ್ಲಿ ಉಪ್ಪು ಬೆಲ್ಲ ಹಾಕಿ, ತಿರುಗಿ ನೋಡದೆ ಬರಬೇಕು. ಉಪ್ಪು ಕರಗಿದಂತೆ ನರಹುಲಿ ಕರಗುತ್ತದೆ. ಆದರೆ ಆ ನೀರು ಮುಟ್ಟಿದವರಿಗೆ ಅದು ಅಂಟಿಕೊಳ್ಳುತ್ತದೆಂದು ಊರಿಗೆ ಊರೇ ನಂಬಿತ್ತು.

ಐವತ್ತೆಂಟನೇ ಇಸವಿಯ ಶ್ರಾವಣ ಶನಿವಾರ, ಊರೆಲ್ಲ ಬೆಟ್ಟ ಹತ್ತುವ ದಿನ. ತೊಂಡೇಬಾವಿಯಿಂದ ಸೊಸೆಯಾಗಿ ಬಂದ ವರಲಕ್ಷ್ಮಮ್ಮ ಮೊದಲ ಸಲ ಬೆಟ್ಟ ಹತ್ತುತ್ತಿದ್ದಳು. ಅವಳ ಬಲಗೈ ತುಂಬ ನರಹುಲಿ. "ಇಂಥ ಕೈಲಿ ಬಡಿಸಿದ್ರೆ ಯಾರಮ್ಮ ಉಣ್ತಾರೆ?" ಎಂದು ಅತ್ತೆ ಅಕ್ಕಯ್ಯಮ್ಮ ಅವಳನ್ನು ಬಡಿಸಲು ಬಿಡುತ್ತಿರಲಿಲ್ಲ. ಸೊಸೆಗೆ ಅದಕ್ಕಿಂತ ಅವಮಾನ ಬೇಕೆ? ಕೈ ವಾಸಿಯಾದರೆ ಸಾಕೆಂದು, ಸೆರಗಿನ ತುದಿಗೆ ಉಪ್ಪು ಬೆಲ್ಲ ಗಂಟು ಹಾಕಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಎಲ್ಲರಿಗಿಂತ ಮುಂದೆ ಓಡಿದಳು.

ನೆತ್ತಿಯ ಮೇಲೆ ಮಂಜೋ ಮಂಜು. ಎದುರಿಗೆ ಕಂಡ ನೀರಿಗೆ ಗಂಟು ಸುರಿದು ತಿರುಗಿ ನೋಡದೆ ನಾಲ್ಕು ಹೆಜ್ಜೆ ಇಟ್ಟಳು. ಕಾಲ ಬಳಿಯಲ್ಲೇ ಚಿಕ್ಕ ದೊಣೆ ಕಂಡಿತು. ಹಾಗಾದರೆ ತಾನು ಸುರಿದದ್ದು ಕುಡಿಯುವ ನೀರಿಗೆ!

ಅಷ್ಟರಲ್ಲಿ ಏದುಸಿರು ಬಿಡುತ್ತ ಜನ ಬಂದೇಬಿಟ್ಟರು. ಊರ ಯಜಮಾನ ಆವುಲಪ್ಪ ನೀರಿಗೆ ಬಗ್ಗಿದವನು ಹಾವು ಕಂಡಂತೆ ಹಿಂದೆ ಸರಿದ. "ಕುಡಿಯೋ ನೀರಿಗೆ ಬೆಲ್ಲ ಹಾಕಿದೋರು ಯಾರು? ಇಲ್ಲೇ ಹೇಳ್ಬೇಕು!"

ಮಕ್ಕಳು ಬಾಯಾರಿ ಅಳುತ್ತಿದ್ದರೂ ಒಬ್ಬರೂ ಕೈ ಅದ್ದಲಿಲ್ಲ. ಅಕ್ಕಯ್ಯಮ್ಮನ ಕಣ್ಣು ಸೊಸೆಯ ಕಡೆ ತಿರುಗಿತು. ಇನ್ನು ಜನ್ಮದಲ್ಲಿ ತನ್ನ ಕೈಯಿಂದ ಯಾರೂ ಏನೂ ಮುಟ್ಟುವುದಿಲ್ಲ ಎಂದುಕೊಂಡಳು ವರಲಕ್ಷ್ಮಮ್ಮ.

ಅವಳ ಸೆರಗಿನ ಗಂಟು ಬಿಚ್ಚಿದ್ದನ್ನು ಅಮ್ಮಾಜಮ್ಮ ನೋಡಿದ್ದಳು. ಆದರೆ ಬೈದದ್ದು ಯಜಮಾನನನ್ನು. "ಏ ಆವುಲಪ್ಪ, ಕೂಸುಗಳು ಅಳ್ತಾ ಇದ್ರೆ ನಿಂದೇನಪ್ಪಾ ಪಂಚಾಯಿತಿ? ಸರಿ ಅತ್ಲಾಗೆ!" ಮಂಡಿಯೂರಿ ಬೊಗಸೆ ತುಂಬ ನೀರು ಮೊಗೆದು ಎಲ್ಲರೆದುರು ಗಟಗಟನೆ ಕುಡಿದಳು. "ಅಂಟೋದಾದ್ರೆ ನಂಗೇ ಅಂಟ್ಲಿ. ಈ ವಯಸ್ನಲ್ಲಿ ನನ್ನೇನು ಹೆಣ್ಣು ನೋಡೋಕ್ ಬರ್ತಾರಾ?"

ಜನ ಗೊಳ್ಳೆಂದು ನಕ್ಕರು. ಮಕ್ಕಳು ಕುಡಿದರು, ಆಮೇಲೆ ದೊಡ್ಡವರು. ಆವುಲಪ್ಪನೂ ಕುಡಿದ, ಕೊನೆಗೆ.

ಇಳಿಯುವಾಗ ವರಲಕ್ಷ್ಮಮ್ಮ ಅಮ್ಮಾಜಮ್ಮನ ಕೈ ಹಿಡಿದು ಅತ್ತುಬಿಟ್ಟಳು. "ಅಜ್ಜಿ, ನಾನೇ..."

"ಗೊತ್ತು ಕಣಮ್ಮ, ಅಳಬೇಡ. ಬರೋ ವರ್ಷ ನನ್ ಜೊತೆ ಹೂಳು ಎತ್ತೋಕೆ ಬಾ. ಆಗ ಯಾವ ದೊಣೆ ಯಾವುದು ಅಂತ ಸಾಯೋಗಂಟ ಮರೆಯಲ್ಲ."

ವರಲಕ್ಷ್ಮಮ್ಮ ಹೋದಳು. ಪ್ರತಿ ವರ್ಷವೂ ಹೋದಳು. ನರಹುಲಿ ಯಾವಾಗ ಉದುರಿತೋ ಅವಳಿಗೇ ತಿಳಿಯಲಿಲ್ಲ, ಕೈ ತುಂಬ ಮಂಕರಿಯ ಜಡ್ಡು. ಅತ್ತೆ ಮಾತ್ರ ಸೌಟನ್ನು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಇತ್ತ ಶ್ರಾವಣದಲ್ಲಿ ಅಮ್ಮಾಜಮ್ಮ ಮೊದಲ ಬೊಗಸೆ ಕುಡಿಯದೆ ಯಾರೂ ನೀರು ಮುಟ್ಟದಿರುವುದು ಊರಿನ ರೂಢಿಯಾಯಿತು.

ಅರವತ್ತಾರರಲ್ಲಿ ಅಮ್ಮಾಜಮ್ಮನ ಮಂಡಿ ಸೋತಿತು. ಬೆಟ್ಟದ ಬುಡದಲ್ಲೇ ಕೂತು, "ಹೋಗ್ರೇ, ಹೋಗಿ, ನನ್ ಮುಖ ಏನ್ ನೋಡ್ತೀರ?" ಎಂದು ಎಲ್ಲರನ್ನೂ ಗದರಿ ಕಳಿಸಿದಳು. ಮೇಲೆ ಹೋದವರು ಬಾಯಾರಿದ್ದರೂ ದೊಣೆಯ ಸುತ್ತ ನಿಂತರೇ ಹೊರತು ನೀರಿಗೆ ಕೈ ಹಾಕಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

ವರಲಕ್ಷ್ಮಮ್ಮ ಮುಂದೆ ಬಂದು ಮಂಡಿಯೂರಿದಳು. ಒಂದು ಬೊಗಸೆ ಮೊಗೆದು ಕುಡಿದಳು. ತಲೆ ಎತ್ತಿದರೆ ಎದುರಿಗೆ ಅತ್ತೆ ಅಕ್ಕಯ್ಯಮ್ಮ, ಎರಡೂ ಕೈ ಜೋಡಿಸಿ ಚಾಚಿ ನಿಂತಿದ್ದಾಳೆ.

"ನನಗೂ ನೀನೇ ಹಾಕಮ್ಮ," ಎಂದಳು.